ಫೋಟೋದಲ್ಲಿಲ್ಲದ ಕಣ್ಣು

“ಏನ್ರೀ ಇದು... ಕತ್ತೆನಾ, ಕುದುರೆನಾ?”

ಬೆನ್ನ ಹಿಂದಿನಿಂದ ಬಂದ ಮಾತಿಗೆ ಅಲಮೇಲು ಗಕ್ಕನೆ ತಿರುಗಿದಳು. ಹಿತ್ತಲ ರೂಮಿಗೆ ಅಂದಷ್ಟೇ ಬಾಡಿಗೆಗೆ ಬಂದಿದ್ದ ಚಕ್ರಪಾಣಿ ಅವಳು ಬರೆಯುತ್ತಿದ್ದ ಚಿತ್ರವನ್ನೇ ನೋಡುತ್ತಾ ನಿಂತಿದ್ದ.

“ಹಸು ರೀ ಅದು!”

“ಹಸುನಾ? ಕೊಂಬೆಲ್ಲಿ?”

“ಇನ್ನೂ ಬರೀಬೇಕು!”

ಸಿಟ್ಟು ಮಾಡಿದಳೇನೋ ನಿಜ. ಒಳಗೆ ಹೋದವಳಿಗೆ ಅಳುವೇ ಬಂತು. ‘ಹೀಗೆ ಬರೆದರೆ ಡ್ರಾಯಿಂಗ್ ಪರೀಕ್ಷೆ ಪಾಸಾದ ಹಾಗೇ!’

ಭಾನುವಾರ ಅವನೊಂದು ಕವರ್ ತಂದು ಅವಳ ತಾಯಿ ವಿಮಲಮ್ಮನ ಕೈಗಿಟ್ಟ. ಅವನಿಗೆ ಫೋಟೋ ಸ್ಟುಡಿಯೋದಲ್ಲಿ ಕೆಲಸ. ಒಳಗೆಲ್ಲ ಹಸುವಿನ ಫೋಟೋಗಳು... ಪಕ್ಕದಿಂದ, ಹಿಂದಿನಿಂದ, ಮಲಗಿದ್ದು, ಏಳುತ್ತಿದ್ದದ್ದು.

ಹಸು ಏಳುವಾಗ ಹಿಂಗಾಲನ್ನು ಮೊದಲು ಎತ್ತುತ್ತದೆ! ದಿನಾ ಕಣ್ಣೆದುರೇ ಇದ್ದರೂ ಅಲಮೇಲು ಅದನ್ನು ನೋಡಿರಲೇ ಇಲ್ಲ.

ಆಗಿನ ರಾಜಾಜಿನಗರದಲ್ಲಿ ದನಕ್ಕೇನು ಬರ? ಅರ್ಧ ಸೈಟು ಖಾಲಿ, ರಸ್ತೆ ತುಂಬ ಹಸು. ಈಗ ಹೋಗಿ ಹುಡುಕಿ ನೋಡಿ, ಬಾಲವೂ ಸಿಗದು!

ಆಮೇಲೆ ಕುರಿ ಬಂತು, ಜಟಕಾ ಕುದುರೆ ಬಂತು. ಫೋಟೋ ಎದುರಿಗಿಟ್ಟುಕೊಂಡು ಬರೆದೂ ಬರೆದೂ ಅವಳ ಕೈ ಪಳಗಿತು. ಅವನು ಕಂಬಕ್ಕೊರಗಿ ನೋಡುತ್ತಿದ್ದ. ಅವನಿಲ್ಲದ ಸಂಜೆ ಪೆನ್ಸಿಲ್ ಹಿಡಿಯಲೇ ಮನಸ್ಸಾಗುತ್ತಿರಲಿಲ್ಲ.

ಇದ್ದಕ್ಕಿದ್ದಂತೆ ಭಾನುವಾರಗಳಲ್ಲಿ ಅವನು ಕಾಣೆಯಾಗತೊಡಗಿದ.

“ಇಸ್ತ್ರಿ ಶರ್ಟ್ ಹಾಕ್ಕೊಂಡು ಕೆಂಗೇರಿ ಬಸ್ ಹತ್ತುತಾನೆ ಕಣೇ,” ಎಂದಳು ಪಕ್ಕದ ಮನೆ ಯಶೋದಮ್ಮ. “ಅಲ್ಲೇ ಎಲ್ಲೋ ಹೆಣ್ಣು ಗೊತ್ತಾಗಿರ್ಬೇಕು!”

ಅಲಮೇಲು ಪೆನ್ಸಿಲ್ ಕೆಳಗಿಟ್ಟಳು. ‘ನಾನ್ಯಾರು ಅವರಿಗೆ? ಚಿತ್ರ ಬರೆಯಲು ಬಾರದ ದಡ್ಡಿ...’

ಸಂಜೆ ಅವನು ಬಂದದ್ದೇ ತಡ, ಕೈಗೆ ಸಿಕ್ಕ ಕಾಗದವನ್ನೆಲ್ಲ ಬಾಚಿ ಅವನ ಮುಂದೆ ಸುರಿದಳು.

“ತಗೊಳ್ಳಿ ನಿಮ್ಮ ಫೋಟೋನ! ಕೆಂಗೇರಿ ಹುಡುಗಿಗೆ ಕೊಡಿ!”

“ಯಾವ ಹುಡುಗಿ?” ಅವನು ಬೆಪ್ಪಾದ. ಚೀಲದಿಂದ ಹೊಸ ಫೋಟೋಗಳನ್ನು ತೆಗೆದ. ನೇಗಿಲು ಎಳೆಯುತ್ತಿದ್ದ ಎತ್ತುಗಳು! “ಪರೀಕ್ಷೆಗೆ ಉಳೋ ಎತ್ತು ಬರೀಬೇಕು ಅಂದಿದ್ರಲ್ಲ. ಇಲ್ಲೆಲ್ಲಿ ಉಳ್ತಾರೆ? ಕೆಂಗೇರಿ ಆಚೆ ಹೋಗ್ಬೇಕಾಯ್ತು.”

“ಹೊಲಕ್ಕೆ ಇಸ್ತ್ರಿ ಶರ್ಟಾ?”

“ನಿಮ್ಮನೆ ಮುಂದೇನೇ ಹೋಗ್ಬೇಕಲ್ಲ... ಅದಕ್ಕೆ.”

ಅವನು ಬಗ್ಗಿ ಕಾಗದಗಳನ್ನು ಆಯತೊಡಗಿದ. ಫೋಟೋಗಳ ಜೊತೆ ಅವಳ ಚಿತ್ರಗಳೂ ಬಂದುಬಿಟ್ಟಿದ್ದವು. ಹಸು, ಕುರಿ, ಕುದುರೆ... ಒಂದೊಂದನ್ನೂ ನೋಡಿದ. ಮತ್ತೆ ನೋಡಿದ.

“ಈ ಕಣ್ಣು... ನನ್ನದಲ್ವಾ?”

ಅಲಮೇಲುವಿನ ಮುಖ ಕೆಂಪೇರಿತು.

“ಫೋಟೋದಲ್ಲಿ ಕಣ್ಣು ಬರೀ ಕಪ್ಪು ಚುಕ್ಕೆ. ಅದಕ್ಕೆ... ಎದುರಿಗೆ ಇದ್ದೋರನ್ನ ನೋಡಿ ಬರೆದೆ.”

“ಕುರಿಗೂ ನಂದೇನಾ?”

“ಕುರಿಗೇ ಚೆನ್ನಾಗಿ ಒಪ್ಪಿದ್ದು!”

ಇಬ್ಬರೂ ನಕ್ಕರು. ಆಮೇಲೆ ಅವನ ದನಿ ತಗ್ಗಿತು.

“ಅಲಮೇಲು... ನಾಳೆ ನಿಮ್ಮಮ್ಮನ್ನ ಕೇಳ್ಲಾ?”

“ನಾಳೆ ಬೇಡ.”

ಅವನ ಮುಖ ಬಾಡಿತು. ಅವಳು ಬಾಗಿಲ ಕಡೆ ನೋಡಿ ಮೆಲ್ಲಗೆ ಹೇಳಿದಳು.

“ಇವತ್ತೇ ಕೇಳಿ. ಒಳಗೇ ಇದಾರೆ.”