ವೇದಿಕೆಯ ಕೆಳಗಿನ ಗಡಿಗೆಗಳು

ಸಂಗೀತ ಸಭಾದ ತಂಬೂರಿಯನ್ನು ಹಿಂತಿರುಗಿಸಿ, ಇನ್ನು ಹಾಡುವುದಿಲ್ಲ ಎಂದು ಹೇಳಿಬಿಡಲು ವೆಂಕಟರತ್ನಮ್ಮ ಶಿಡ್ಲಘಟ್ಟದಿಂದ ಚಿಂತಾಮಣಿಯ ಬಸ್ಸು ಹತ್ತಿದ್ದಳು. ಮದುವೆಯಾಗದೆ ಅಣ್ಣನ ಮನೆಯಲ್ಲಿದ್ದು, ಮನೆಮನೆ ಅಲೆದು ಮಕ್ಕಳಿಗೆ ಪಾಠ ಹೇಳುವವಳಿಗೆ ಆಯಾಸ ಹೊಸದೇನಲ್ಲ. ಈ ಸಲ ದಣಿದದ್ದು ಮನಸ್ಸು.

ಆ ಸಭಾಭವನ ರೇಷ್ಮೆ ವ್ಯಾಪಾರಿಗಳು ಅವಳ ಅಜ್ಜನ ಕಾಲದಲ್ಲಿ ಕಟ್ಟಿಸಿದ್ದು. ಕಲ್ಲಿನ ಕಂಬ, ತೇಗದ ಚಾವಣಿ, ಹಲಗೆಯ ವೇದಿಕೆ. ವೇದಿಕೆಯ ಕೆಳಗೆ ಸಾಲಾಗಿ ಹೂತಿಟ್ಟ ಖಾಲಿ ಗಡಿಗೆಗಳು. ಹಾಡಿದ ದನಿ ಅವುಗಳಲ್ಲಿ ಮೊಳಗಿ ಹಿಂದಿನ ಗೋಡೆ ಮುಟ್ಟುತ್ತಿತ್ತು. ಹೋದ ವರ್ಷ, ೧೯೬೧ರಲ್ಲಿ, ಗೆದ್ದಲು ತಿಂದ ಹಲಗೆಗಳನ್ನು ಬದಲಾಯಿಸಿದರು. ಆಮೇಲೆ ಅವಳು ಹಾಡಿದಾಗಲೆಲ್ಲ ಹಿಂದಿನಿಂದ ಕೇಳಿಸುತ್ತಿಲ್ಲ ಎಂಬ ಗೊಣಗಾಟ. ಹೊರಗಿನ ವಿದ್ವಾಂಸರು ಮೈಕು ತರಿಸಿಕೊಂಡರು. ಇವಳು ಮಾತ್ರ ತನ್ನ ಕಂಠವೇ ಹೋಯಿತೆಂದು ಒಳಗೊಳಗೇ ಕೊರಗಿದಳು.

ಹಾಡು ಬಿಟ್ಟರೆ ಇನ್ನೊಂದೂ ತಪ್ಪಿಹೋಗುತ್ತಿತ್ತು. ಸಭಾದ ಕಾರ್ಯದರ್ಶಿ ಬಯ್ಯಪ್ಪ ಯಾವಾಗಲೂ ಕೊನೆಯ ಕಂಬಕ್ಕೆ ಒರಗಿ ಕೇಳುತ್ತಿದ್ದ. ಅವಳು ನೋಡಿದರೆ ಸಾಕು, ಚಾವಣಿಯ ತೊಲೆ ಎಣಿಸುವವನಂತೆ ಮೇಲೆ ನೋಡುತ್ತಿದ್ದ. ನಲವತ್ತರ ಹತ್ತಿರ ಬಂದರೂ ಮದುವೆಯಾಗದ ಈ ಮಹಾಶಯನ ಕಳ್ಳನೋಟ ಅವಳಿಗೆ ಅಭ್ಯಾಸವಾಗಿಬಿಟ್ಟಿತ್ತು.

ಬಸ್ಸಿಳಿದು ಸಭಾಭವನದ ಒಳಗೆ ಹೋದರೆ ವೇದಿಕೆಯ ಹಲಗೆಗಳೆಲ್ಲ ಎದ್ದಿವೆ. ಬಯ್ಯಪ್ಪ ಪಂಚೆ ಎತ್ತಿಕಟ್ಟಿ ಗಡಿಗೆಗಳಿಂದ ಮರಳು ತೋಡುತ್ತಿದ್ದಾನೆ.

"ಇದು ನಂದೇ ಕೆಲಸ, ರತ್ನಮ್ನೋರೆ," ಎಂದ, ತಲೆಯೆತ್ತದೆ. "ಹೊರಟಾಗ ಖಾಲಿ ಕೊಡ ಎದುರಾದ್ರೇ ವಾಪಸ್ ಬರ್ತೀವಿ. ಇಷ್ಟೊಂದು ಖಾಲಿ ಗಡಿಗೆ ಮೇಲೆ ನಿಮ್ಮನ್ನ ಕೂರಿಸೋಕೆ ಮನಸ್ಸು ಬರ್ಲಿಲ್ಲ. ಹೋದ್ವರ್ಷ ಹಲಗೆ ಎತ್ತಿದಾಗ ಮರಳು ತುಂಬಿ, ಮೇಲೊಂದೊಂದು ಹಿಡಿ ರಾಗಿ ಹಾಕ್ದೆ. ನೀವು ಹಾಡೋದು ಬಿಡ್ತೀರಂತ ನಿಮ್ಮ ಪಾಠದ ಮಕ್ಕಳಿಂದ ಕೇಳಿದ್ಮೇಲೆ ಹೊಳೀತು, ಕೆಟ್ಟಿದ್ದು ನಿಮ್ಮ ಕಂಠ ಅಲ್ಲ ಅಂತ."

ಒಂದು ವರ್ಷ ಅತ್ತದ್ದು ಇದಕ್ಕಾ? ಅವಳಿಗೆ ಸಿಟ್ಟು ಬಂತು. ಹಿಡಿ ರಾಗಿಯನ್ನು ನೆನೆದು ಸಿಟ್ಟು ಇಳಿಯಿತು. ಸೆರಗು ಸಿಕ್ಕಿಸಿಕೊಂಡು ತಾನೂ ಮರಳು ತೋಡಿದಳು.

ಸಂಜೆಯ ಹೊತ್ತಿಗೆ ಹಲಗೆಗಳು ಮತ್ತೆ ಕೂತವು. ಬಯ್ಯಪ್ಪ ಪರೀಕ್ಷೆ ಮಾಡಲು ಕೊನೆಯ ಕಂಬದ ಹತ್ತಿರ ಹೋಗಿ ನಿಂತ. ಇಬ್ಬರಿಗೂ ಸೊಂಟ ಬಿದ್ದುಹೋಗಿತ್ತು. ಹಾಡುವಷ್ಟು ತ್ರಾಣ ಅವಳಲ್ಲಿ ಉಳಿದಿರಲಿಲ್ಲ. ವೇದಿಕೆಯ ಮೇಲೆ ಕೂತು, ಪಕ್ಕದಲ್ಲಿದ್ದವರಿಗೆ ಹೇಳುವಷ್ಟೇ ಮೆಲ್ಲಗೆ ಕೇಳಿದಳು:

"ನಮ್ಮಣ್ಣನ ಹತ್ರ ಬಂದು ಮಾತಾಡ್ತೀರಾ?"

ಬಯ್ಯಪ್ಪ ಈ ಸಲ ಚಾವಣಿ ನೋಡಲಿಲ್ಲ.

"ಕೇಳಿಸ್ತು," ಎಂದ. "ನಾಳೇನೇ ಬರ್ತೀನಿ."