ಮೂರು ಚುಕ್ಕಿಯ ಗುರುತು

ಹತ್ತೊಂಬತ್ತನೇ ತಾರೀಖು, ಮಂಗಳವಾರ, ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಟೀಚರಮ್ಮ ಠಾಣೆಯ ಮೆಟ್ಟಿಲು ಹತ್ತಿದಾಗ ಇನ್ಸ್‌ಪೆಕ್ಟರು ಎಡ ದವಡೆಗೆ ಕರವಸ್ತ್ರ ಒತ್ತಿಕೊಂಡು ಕೂತಿದ್ದರು. ಹಲ್ಲು ಕೀಳಿಸಬೇಕೆಂದು ಮೂರು ವಾರದಿಂದ ಅಂದುಕೊಳ್ಳುತ್ತಿದ್ದರು. ಮೊದಲ ವಾರ ಬಂದೋಬಸ್ತು ಬಂತು, ಎರಡನೇ ವಾರ ಕೋರ್ಟಿನಲ್ಲಿ ಸಾಕ್ಷಿ. ಮೂರನೇ ವಾರ ಅಂಥದ್ದೇನೂ ಇರಲಿಲ್ಲ, ಆದರೆ ಎದ್ದು ಹೋಗುವಷ್ಟು ಜೀವ ಉಳಿದಿರಲಿಲ್ಲ.

"ಏನಮ್ಮ ಹೋಗಿದೆ?"

"ಕಾರ್ಬುರೇಟರ್, ಸಾರ್."

"ಕಾರು?"

"ಕಾರು ಇದೆ. ಕಾರ್ಬುರೇಟರ್ ಇಲ್ಲ."

ಪಕ್ಕದ ಮೇಜಿನಲ್ಲಿದ್ದ ಹೆಡ್ ಕಾನ್‌ಸ್ಟೇಬಲ್ ಪೆನ್ನಿನ ಮುಚ್ಚಳ ತೆಗೆದರು. ಠಾಣೆಯಲ್ಲಿ ಅವರು ತಮ್ಮ ನಂಬರಿನಿಂದಲೇ ಪ್ರಸಿದ್ಧರು: ಏಳ್ನೂರ ಹನ್ನೆರಡು. ದುಂಡು ಅಕ್ಷರ, ಒಂದು ಚಿತ್ತು ಇಲ್ಲ, ಒಂದು ತಿದ್ದುಪಡಿ ಇಲ್ಲ. ಅವರು ಬರೆದ ಪಂಚನಾಮೆಯಲ್ಲಿ ಗೋಡೆಯ ಮೇಲಿನ ಹಲ್ಲಿಯೂ ತಪ್ಪಿಸಿಕೊಳ್ಳುತ್ತಿರಲಿಲ್ಲ.

ಟೀಚರಮ್ಮ ಹೈಸ್ಕೂಲಿನಲ್ಲಿ ಗಣಿತ ಹೇಳುವವರು. ಕಾರು ಅವರ ತೀರಿಹೋದ ಅಪ್ಪನದು, ಎಂಬತ್ತು ವರ್ಷ ಹಳೆಯದು. ಹಳೇ ಕಾರುಗಳ ಕ್ಲಬ್ಬಿನಲ್ಲಿ ಅವರೂ ಒಬ್ಬ ಸದಸ್ಯೆ. ಆ ಕಾರ್ಬುರೇಟರಿಗಾಗಿ ಎರಡು ವರ್ಷ ಕಂಡಕಂಡ ಗುಜರಿಗಳಿಗೆಲ್ಲ ಕಾಗದ ಬರೆದು, ಕೊನೆಗೆ ಎರಡು ತಿಂಗಳ ಹಿಂದೆ ತರಿಸಿಕೊಂಡಿದ್ದರಂತೆ. ನಿನ್ನೆ ಶಾಲೆಯಿಂದ ಬಂದು ನೋಡಿದರೆ ಇಲ್ಲ. ದೂರು ದಾಖಲಾಗಿ ಎಫ್‌ಐಆರ್ ಆಯಿತು.

ಹನ್ನೊಂದೂ ಮುಕ್ಕಾಲಿಗೆ ಸ್ಥಳ ಪರಿಶೀಲನೆ. ಮನೆಯ ಹಿಂದಿನ ಗ್ಯಾರೇಜು. ಬೀಗ ಒಡೆದಿರಲಿಲ್ಲ.

"ಕೀಲಿ ಯಾರ ಹತ್ರ ಇರುತ್ತೆ?"

ಟೀಚರಮ್ಮ ಕೈ ಎತ್ತಿ ಬಾಗಿಲ ಚೌಕಟ್ಟಿನ ಮೇಲಿದ್ದ ಒಂದು ಸಣ್ಣ ಡಬ್ಬಿ ತೆಗೆದು ತೋರಿಸಿದರು. "ಇಲ್ಲಿ. ಕ್ಲಬ್ಬಿನವರೆಲ್ಲರ ಗ್ಯಾರೇಜಿನಲ್ಲೂ ಹೀಗೇ. ಯಾರದ್ದಾದರೂ ಕಾರು ದಾರೀಲಿ ನಿಂತರೆ, ಯಾರ ಗ್ಯಾರೇಜಿಗಾದರೂ ಹೋಗಿ ಬೇಕಾದ ಸಾಮಾನು ತಗೋಬಹುದು. ಆಮೇಲೆ ಫೋನ್ ಮಾಡಿ ಹೇಳಬೇಕು, ಅಷ್ಟೆ. ಇಪ್ಪತ್ತು ವರ್ಷದಿಂದ ಹೀಗೇ ನಡೆದಿದೆ. ನಿನ್ನೆ ಯಾರೂ ಫೋನ್ ಮಾಡಲಿಲ್ಲ, ಸಾರ್."

ಅವರು ಡಬ್ಬಿಯನ್ನು ಮತ್ತೆ ಚೌಕಟ್ಟಿನ ಮೇಲೆ ಇದ್ದ ಹಾಗೇ ಇಟ್ಟರು. ಹೋದ ವಸ್ತುವಿಗಿಂತ ಬಾರದ ಫೋನೇ ಅವರನ್ನು ಹೆಚ್ಚು ನೋಯಿಸಿದೆ ಎಂದು ಇನ್ಸ್‌ಪೆಕ್ಟರಿಗೆ ಅನ್ನಿಸಿತು.

ಪಕ್ಕದ ಮನೆಯ ದರ್ಜಿಯನ್ನೂ ಎದುರು ಅಂಗಡಿಯವನನ್ನೂ ಪಂಚರಾಗಿ ಕರೆದು ಏಳ್ನೂರ ಹನ್ನೆರಡು ಬರೆಯತೊಡಗಿದರು. ಬಾನೆಟ್ ಮುಚ್ಚಿತ್ತು. ಕಾರ್ಬುರೇಟರ್ ಕೂತಿದ್ದ ಜಾಗದಲ್ಲಿ ಎಂಜಿನ್ನಿನ ಬಾಯಿಗೆ ಧೂಳು ಹೋಗದಂತೆ ಒಗೆದ ಬಟ್ಟೆಯ ತುಂಡು ತುರುಕಲಾಗಿತ್ತು. ಬಿಚ್ಚಿದ ಎರಡೂ ನಟ್ಟುಗಳನ್ನು ಅವವುಗಳ ಜಾಗದಲ್ಲೇ ಕೈಯಿಂದ ತಿರುಗಿಸಿಡಲಾಗಿತ್ತು. ಬೆಲೆಬಾಳುವ ಹಿತ್ತಾಳೆ ಹಾರ್ನು, ಬೆಳ್ಳಿ ಬಣ್ಣದ ಗಡಿಯಾರ ಎಲ್ಲ ಇದ್ದಲ್ಲೇ ಇದ್ದವು. ಕಾರಿನ ಎದುರಿಗೆ ಶೆಲ್ಫು; ಅದರ ಮೇಲೆ ಎಣ್ಣೆ ಡಬ್ಬಿ ಮೂರು, ಹಳೇ ಟೈರಿನ ಟ್ಯೂಬು ಎರಡು, ದಪ್ಪ ಅಕ್ಷರದ ಚೀಟಿ ಅಂಟಿಸಿದ ಬಟ್ಟೆಯ ಪೊಟ್ಟಣ ಒಂದು.

"ಅದೇನಮ್ಮ ಪೊಟ್ಟಣ?"

"ಅದು ಒಬ್ಬರಿಗೆ ವಾಪಸ್ ಕೊಡಬೇಕಾದ್ದು. ಹೋಗುವಾಗೆಲ್ಲ ಮರೀತೀನಿ. ಅವರೂ ಕೇಳೋರಲ್ಲ."

ಏಳ್ನೂರ ಹನ್ನೆರಡು ಅದನ್ನೂ ಬರೆದುಕೊಂಡರು. ಜೀಪಿನಲ್ಲಿ ಕೂತ ಮೇಲೆ ಹೇಳಿದರು, "ಕಳ್ಳ ಇಷ್ಟು ಅಚ್ಚುಕಟ್ಟಾಗಿರ್ತಾನಾ ಸಾರ್? ನಮ್ಮನೇಗೆ ಸ್ಟೌ ರಿಪೇರಿಗೆ ಬಂದೋನು ಎಲ್ಲ ಮುಗಿಸಿ ಎರಡು ಸ್ಕ್ರೂ ನನ್ನ ಕೈಗೆ ಕೊಟ್ಟು ಹೋದ."

"ಕಾರನ್ನ ಪ್ರೀತಿಸೋನೇ ಬಿಚ್ಚಿದ್ದಾನೆ," ಅಂದರು ಇನ್ಸ್‌ಪೆಕ್ಟರು. ಮಾತಾಡಿದ್ದಕ್ಕೆ ಹಲ್ಲು ಝುಂ ಅಂದಿತು.

ಬುಧವಾರ ಸಂಜೆ ಐದಕ್ಕೆ ಕ್ಲಬ್ಬಿನ ಕಾರ್ಯದರ್ಶಿಯ ವಿಚಾರಣೆ. ಹಣೆಬರಹ ನೋಡಿ, ಆತ ಹಲ್ಲಿನ ಡಾಕ್ಟರು. ಕ್ಲಿನಿಕ್ಕಿನಲ್ಲಿ ಬೇರೆ ಕುರ್ಚಿಯಿಲ್ಲದೆ ಇನ್ಸ್‌ಪೆಕ್ಟರು ರೋಗಿಗಳ ಕುರ್ಚಿಯಲ್ಲೇ ಒರಗಿ ಪ್ರಶ್ನೆ ಕೇಳಬೇಕಾಯಿತು.

"ನಿಮ್ಮ ದವಡೆ ಊದಿದೆ, ಸಾರ್."

"ಅದಿರಲಿ. ಕ್ಲಬ್ಬಲ್ಲಿ ಬೇರೆ ಯಾರದಾದರೂ ಏನಾದರೂ ಹೋಗಿದೆಯಾ?"

ಡಾಕ್ಟರು ಕೈಗವಸು ಕಳಚಿದರು. "ದೂರು ಕೊಟ್ಟಿಲ್ಲ."

"ಅದನ್ನ ಕೇಳಲಿಲ್ಲ ನಾನು."

"ಹದಿನೈದು ದಿನದ ಹಿಂದೆ ನನ್ನ ಕಾರಿನ ಬಲಗಡೆ ಹೆಡ್‌ಲೈಟು. ಅದಾದ ಮೇಲೆ ನಮ್ಮ ಬೇಕರಿಯವರ ಕಾರಿನ ಸ್ಟಿಯರಿಂಗು. ಬೀಗ ಒಡೆದಿಲ್ಲ ಅಂದಮೇಲೆ ನಮ್ಮವರೇ. ನಮ್ಮವರಲ್ಲೇ ಯಾರು ಅಂತ ಹುಡುಕ್ತಾ ಹೋದರೆ, ನಾಳೆಯಿಂದ ಎಲ್ಲರೂ ಕೀಲಿ ಜೇಬಿಗೆ ಹಾಕ್ಕೋತಾರೆ. ಅಲ್ಲಿಗೆ ಕ್ಲಬ್ಬು ಮುಗಿದ ಹಾಗೇ. ಅದಕ್ಕೇ ಸುಮ್ಮನಿದ್ವಿ."

"ಹೆಡ್‌ಲೈಟು, ಸ್ಟಿಯರಿಂಗು, ಕಾರ್ಬುರೇಟರ್. ಈ ಮೂರೂ ಒಂದೇ ಕಾರಿಗೆ ಕೂರೋದಾದರೆ, ಅದು ಯಾರ ಕಾರು?"

ಡಾಕ್ಟರು ಕಳಚಿದ ಕೈಗವಸನ್ನು ಕಸದ ಬುಟ್ಟಿಗೆ ಹಾಕಿದರು. ಕೊನೆಗೆ, "ಸ್ಪ್ಯಾನರಣ್ಣಂದು," ಅಂದರು. "ಆದರೆ ಅದು ಈಗ ಕಾರಲ್ಲ ಸಾರ್. ಖಾಲಿ ಗೂಡು."

"ಯಾಕೆ?"

"ನಮಗೆಲ್ಲ ಕೊಟ್ಟೂ ಕೊಟ್ಟೂ."

ಸ್ಪ್ಯಾನರಣ್ಣ ಲೇತ್ ಕೆಲಸದಿಂದ ನಿವೃತ್ತಿಯಾದವರು, ವಯಸ್ಸು ಅರವತ್ತೆಂಟು. ಯಾರ ಕಾರು ಎಲ್ಲಿ ನಿಂತರೂ ಮೊದಲ ಫೋನು ಅವರಿಗೇ. ಹನ್ನೊಂದು ವರ್ಷದ ಹಿಂದೆ ಒಂದು ರ‍್ಯಾಲಿಯ ಮುನ್ನಾದಿನ ಡಾಕ್ಟರ ಹೆಡ್‌ಲೈಟು ಒಡೆದಾಗ, ತಮ್ಮ ಕಾರಿನದ್ದನ್ನು ಬಿಚ್ಚಿ ಕೊಟ್ಟಿದ್ದರು. ಆಮೇಲೆ ಬೇಕರಿಯವರಿಗೆ ಸ್ಟಿಯರಿಂಗು. ಆಮೇಲೆ ಟೀಚರಮ್ಮನಿಗೂ ಏನೋ.

"ನೀವ್ಯಾರೂ ವಾಪಸ್ ಕೊಡಲಿಲ್ವಾ?"

"ವಾಪಸ್ ತಗೋತೀರಾ ಅಂತ ಕೇಳಿದ್ವಿ ಸಾರ್. ಒಂದಲ್ಲ, ಹತ್ತು ಸಲ. 'ಇರಲಿ ಬಿಡಿ, ಈಗೇನವಸರ' ಅನ್ನೋರು. ನಾವೂ ಇರಲಿ ಅಂತ ಬಿಟ್ವಿ. ಬಿಟ್ಟದ್ದು ಮರೆತೇ ಹೋಯ್ತು." ಡಾಕ್ಟರು ಕಣ್ಣು ತಪ್ಪಿಸಿದರು. "ನನ್ನ ಹೆಡ್‌ಲೈಟು ಹೋಯ್ತು ಅಂತ ಹದಿನೈದು ದಿನ ಸಂಕಟಪಟ್ಟೆ. ಅದು ಅವರದ್ದು ಅಂತ ನೆನಪಾಗಿದ್ದು ಈಗ, ನೀವು ಕೇಳಿದ ಮೇಲೆ."

ಎದ್ದು ಹೊರಡುವಾಗ ಡಾಕ್ಟರು ಹಲ್ಲನ್ನು ಒಮ್ಮೆ ನೋಡುತ್ತೇನೆ ಅಂದರು. ಮುಂದಿನ ವಾರ ಬರುತ್ತೇನೆ ಅಂದರು ಇನ್ಸ್‌ಪೆಕ್ಟರು.

ಗುರುವಾರ, ಶುಕ್ರವಾರಗಳನ್ನು ಬೇರೆ ಕೇಸುಗಳು ತಿಂದುಹಾಕಿದವು. ಇಪ್ಪತ್ಮೂರು, ಶನಿವಾರ, ಬೆಳಿಗ್ಗೆ ಎಂಟೂವರೆಗೆ ಜೀಪು ಸ್ಪ್ಯಾನರಣ್ಣನ ಮನೆಯ ಓಣಿಗೆ ತಿರುಗಿತು. ಎಂಜಿನ್ನಿನ ಸದ್ದು ದೂರದಿಂದಲೇ ಕೇಳಿಸುತ್ತಿತ್ತು, ನಿಧಾನ, ಒಂದೇ ಸಮ. ಶೆಡ್ಡಿನ ಬಾಗಿಲು ತೆರೆದಿತ್ತು. ಒಳಗೆ ಕಡುನೀಲಿ ಬಣ್ಣದ ಕಾರೊಂದು ಇಡೀ ಕಾರಾಗಿಯೇ ನಿಂತಿತ್ತು. ಮುಂದಿನ ಸೀಟಿನಲ್ಲಿ ಒಬ್ಬ ಹೆಂಗಸು ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು, ತೊಡೆಯ ಮೇಲೆ ಕೈಚೀಲ, ನೀರಿನ ಬಾಟಲಿ ಇಟ್ಟುಕೊಂಡು ಕೂತಿದ್ದರು. ಗಂಡ ಕಾರಿನ ಮುಂದೆ ಬಗ್ಗಿ, ಮುಖವನ್ನು ಗಾಜಿಗೆ ತಾಗಿಸುವಷ್ಟು ಹತ್ತಿರ ತಂದು ಹೆಡ್‌ಲೈಟು ಒರೆಸುತ್ತಿದ್ದರು.

"ಎಲ್ಲಿಗಮ್ಮ ಹೊರಟಿದ್ದು?"

"ಕೆರೆ ತನಕ," ಅಂದರು ಹೆಂಡತಿ. "ಹನ್ನೊಂದು ವರ್ಷದಿಂದ ಮುಂದಿನ ಭಾನುವಾರ, ಮುಂದಿನ ಭಾನುವಾರ ಅಂತಿದ್ರು. ಇವತ್ತು ಶನಿವಾರವೇ ಹೊರಡಿಸಿದ್ದಾರೆ. ಭಾನುವಾರ ಅಂದ್ರೆ ನಾನು ನಂಬಲ್ಲ ಅಂತ ಗೊತ್ತವರಿಗೆ."

ಸ್ಪ್ಯಾನರಣ್ಣ ಸಮವಸ್ತ್ರ ಗುರುತಿಸಿದ್ದು ಇನ್ಸ್‌ಪೆಕ್ಟರು ನಾಲ್ಕು ಹೆಜ್ಜೆ ಹತ್ತಿರ ಬಂದ ಮೇಲೆ. ಎಂಜಿನ್ ಆರಿಸಿ, ಕೈ ಒರೆಸಿಕೊಂಡು ನಿಂತರು. ಸುಳ್ಳು ಹೇಳುವ ಪ್ರಯತ್ನವನ್ನೂ ಮಾಡಲಿಲ್ಲ.

"ಹೆಡ್‌ಲೈಟು?"

"ನಂದು. ನನ್ನ ಸಾಮಾನಿಗೆಲ್ಲ ಹಿಂಭಾಗದಲ್ಲಿ ಮೂರು ಚುಕ್ಕಿ ಹೊಡೆದಿರ್ತೀನಿ. ಹೆಬ್ಬೆರಳು ಆಡಿಸಿದ್ರೆ ಗೊತ್ತಾಗುತ್ತೆ. ಸ್ಟಿಯರಿಂಗೂ ನಂದೇ."

"ಕಾರ್ಬುರೇಟರ್?"

ಅವರು ಹೆಂಡತಿಯ ಕಡೆ ನೋಡಿದರು. "ನಾನು ಕೊಟ್ಟಿದ್ದೇ ಅಂದ್ಕೊಂಡು ಸೋಮವಾರ ಮಧ್ಯಾಹ್ನ ಬಿಚ್ತಾ ಇದ್ದೆ. ಗೇಟಿನ ಸದ್ದಾಯ್ತು. ಅಂಚೆಯವನು. ಗಾಬರಿಯಾಗಿ ಹಾಗೇ ಚೀಲಕ್ಕೆ ಹಾಕ್ಕೊಂಡು ಬಂದೆ. ಮನೆಗೆ ಬಂದು ಬೆರಳಾಡಿಸಿದೆ. ಚುಕ್ಕಿ ಇರಲಿಲ್ಲ."

"ನಿಮ್ಮದಲ್ಲ ಅಂತ ಗೊತ್ತಾದ ಮೇಲೆ?"

"ವಾಪಸ್ ಇಟ್ಟುಬರಬೇಕಿತ್ತು. ಒಂದು ಸಲ ಕೂರಿಸಿ ನೋಡೋಣ ಅನ್ನಿಸ್ತು. ಎಂಜಿನ್ ಚಾಲೂ ಆಯ್ತು. ಆಮೇಲೆ ಬಿಚ್ಚೋಕೆ ಮನಸ್ಸು ಬರಲಿಲ್ಲ, ಸಾರ್."

"ಕಣ್ಣಿಗೇನಾಗಿದೆ?"

"ಬಲಗಣ್ಣು ಪೂರ್ತಿ ಹೋಗಿದೆ. ಎಡಗಣ್ಣು ಇನ್ನು ಎರಡು ಮೂರು ತಿಂಗಳು ಅಂದಿದ್ದಾರೆ. ಬೆಳಗಿನ ಬೆಳಕಲ್ಲಿ ಸ್ವಲ್ಪ ಕಾಣುತ್ತೆ. ಅದಿರೋವಾಗಲೇ ಇವಳನ್ನ ಒಂದು ಸಲ ಕರ್ಕೊಂಡು ಹೋಗೋಣ ಅಂತ."

"ಕಣ್ಣು ಕಾಣದೆ ಓಡಿಸ್ತೀರಾ? ಎದುರಿಗೆ ಬರೋರ ಗತಿ?"

ಅವರು ಕೈಲಿದ್ದ ಬಟ್ಟೆಯನ್ನು ಮಡಿಸಿ ಬಾನೆಟ್ಟಿನ ಮೇಲಿಟ್ಟರು.

"ನಿಮ್ಮ ವಸ್ತು ನೀವು ಕೇಳಬೇಕಿತ್ತು ತಾನೇ? ಯಾರು ಇಲ್ಲ ಅಂತಿದ್ರು?"

"ಕೊಟ್ಟವನು ಬಾಯಿಬಿಟ್ಟು ಕೇಳೋದು ನಮ್ಮಲ್ಲಿ ಇಲ್ಲ, ಸಾರ್. ತಗೊಂಡೋರು ತಂದುಕೊಡಬೇಕು. ತಂದಾಗೆಲ್ಲ ನಾನೇ ಬೇಡ ಬೇಡ ಅಂದೆ. ದೊಡ್ಡ ಮನುಷ್ಯ ಅನ್ನಿಸಿಕೊಳ್ಳೋ ಚಪಲ. ಈಗ ಕಣ್ಣು ಹೋಗೋ ಹೊತ್ತಿಗೆ ಯಾವ ಮುಖ ಇಟ್ಕೊಂಡು ಕೇಳಲಿ?"

ಒಂಬತ್ತೂ ಹತ್ತಕ್ಕೆ ನೆರೆಯ ಇಬ್ಬರನ್ನು ಪಂಚರಾಗಿ ಕರೆದು ಜಪ್ತಿ ಪಂಚನಾಮೆ ಶುರುವಾಯಿತು. ಕಾರ್ಬುರೇಟರ್ ಬಿಚ್ಚಬೇಕಿತ್ತು. ಏಳ್ನೂರ ಹನ್ನೆರಡು ಸ್ಪ್ಯಾನರು ಹಿಡಿದ ರೀತಿ ನೋಡಲಾಗದೆ ಸ್ಪ್ಯಾನರಣ್ಣ, "ಕೊಡಿ ಇಲ್ಲಿ, ನಟ್ಟಿನ ಮೂಲೆ ಸವೀತದೆ," ಅಂದು ತಾವೇ ಬಿಚ್ಚಿದರು. ಕಣ್ಣು ಎತ್ತಲೋ ಇತ್ತು, ಬೆರಳುಗಳಿಗೆ ದಾರಿ ಗೊತ್ತಿತ್ತು. ವಸ್ತುವನ್ನು ಪಂಚರ ಮುಂದಿಟ್ಟು, ಎರಡು ನಟ್ಟುಗಳನ್ನು ಮತ್ತೆ ಅವುಗಳ ಜಾಗದಲ್ಲೇ ತಿರುಗಿಸಿ, ಎಂಜಿನ್ನಿನ ಬಾಯಿಗೆ ಬಟ್ಟೆಯ ತುಂಡು ತುರುಕಿದರು. ಟೀಚರಮ್ಮನ ಗ್ಯಾರೇಜಿನಲ್ಲಿ ಬರೆದ ಅದೇ ಸಾಲನ್ನು ಏಳ್ನೂರ ಹನ್ನೆರಡು ಇಲ್ಲಿ ಎರಡನೇ ಸಲ ಬರೆದರು.

ಹೆಂಡತಿ ಸೀಟಿನಿಂದ ಇಳಿದಿರಲಿಲ್ಲ. "ಕದ್ದಿದ್ದಾ ಇದು?" ಅಂದರು. ಗಂಡ ಹೌದೆಂದು ತಲೆ ಆಡಿಸಿದರು. "ನನಗೆ ಕೆರೆ ನೋಡಲೇಬೇಕು ಅಂತೇನಿರಲಿಲ್ಲ. ಬಸ್ಸಲ್ಲೂ ಹೋಗ್ಬಹುದಿತ್ತಲ್ಲ," ಅಂದರು ಹೆಂಡತಿ. ಇನ್ಸ್‌ಪೆಕ್ಟರಿಗೆ ಆ ಕ್ಷಣ ತಮ್ಮ ಕೆಲಸದ ಮೇಲೆ ಬೇಸರ ಬಂತು. ಆದರೂ ಒಂಬತ್ತೂ ನಲವತ್ತಕ್ಕೆ ದಸ್ತಗಿರಿ ಮೆಮೋಗೆ ಸಹಿ ಹಾಕಿದರು. ಜೀಪಿನಲ್ಲಿ ಮೊದಲ ಪಂಚನಾಮೆ ತಿರುವಿಹಾಕುತ್ತ ಶೆಲ್ಫಿನ ವಿವರ ಬರೆದಿದ್ದ ಸಾಲಿನಲ್ಲಿ ನಿಂತರು.

"ಟೀಚರಮ್ಮನಿಗೆ ಫೋನ್ ಹಚ್ಚಿ," ಅಂದರು. "ಆ ಪೊಟ್ಟಣ ತಗೊಂಡು ಬರೋಕೆ ಹೇಳಿ."

ಹನ್ನೊಂದು ಗಂಟೆಗೆ ಟೀಚರಮ್ಮ ಠಾಣೆಗೆ ಬಂದರು. ಹಿಂದೆ ಹಲ್ಲಿನ ಡಾಕ್ಟರು, ಅವರ ಹಿಂದೆ ಬೇಕರಿಯವರು. ದೂರು ವಾಪಸ್ ತಗೋತೀನಿ ಅಂದರು ಟೀಚರಮ್ಮ. ಎಫ್‌ಐಆರ್ ಆಗಿದೆ, ಇನ್ನು ಅದು ನಿಮ್ಮ ಕೈಲೂ ಇಲ್ಲ, ನನ್ನ ಕೈಲೂ ಇಲ್ಲ, ಏನಿದ್ದರೂ ಕೋರ್ಟಿನಲ್ಲಿ ಹೇಳಿ ಅಂದರು ಇನ್ಸ್‌ಪೆಕ್ಟರು. ಪೊಟ್ಟಣವನ್ನು ಬೆಂಚಿನ ಮೇಲೆ ಕೂತಿದ್ದ ಸ್ಪ್ಯಾನರಣ್ಣನ ಕೈಗೆ ಕೊಡಿಸಿದರು.

ಸ್ಪ್ಯಾನರಣ್ಣ ಬಟ್ಟೆ ಬಿಚ್ಚಿದರು. ತೊಳೆದು ಎಣ್ಣೆ ಸವರಿದ ಕಾರ್ಬುರೇಟರ್. ಹೆಬ್ಬೆರಳು ಹಿಂಭಾಗಕ್ಕೆ ಹೋಗಿ ನಿಂತಿತು. ಒಂದು, ಎರಡು, ಮೂರು.

"ಎಲ್ಲಿತ್ತಮ್ಮ ಇದು?"

"ಶೆಲ್ಫಿನ ಮೇಲೆ, ಅಣ್ಣ. ಕಾರಿನ ಎದುರಿಗೇ. ಎರಡು ತಿಂಗಳಿಂದ."

"ಮೇಲೆ ಚೀಟಿ ಇದೆಯಲ್ಲ. ಏನು ಬರೆದಿದೆ?"

ಟೀಚರಮ್ಮನಿಗೆ ಓದಲಾಗಲಿಲ್ಲ. ಏಳ್ನೂರ ಹನ್ನೆರಡು ಕನ್ನಡಕ ಏರಿಸಿಕೊಂಡು ಓದಿದರು: "ಸ್ಪ್ಯಾನರಣ್ಣನಿಗೆ. ಬೇಡ ಅಂದರೂ ಕೇಳದೆ ಕೊಟ್ಟುಬರಬೇಕು."

ಸ್ಪ್ಯಾನರಣ್ಣ ಅತ್ತರು. ಮುಖ ಮುಚ್ಚಿಕೊಳ್ಳಲಿಲ್ಲ. ಕೈಯಲ್ಲಿ ಕಾರ್ಬುರೇಟರ್ ಇತ್ತು, ಅದನ್ನು ಕೆಳಗಿಡಲಿಲ್ಲ.

ಡಾಕ್ಟರು ಬೆಂಚಿನ ಮುಂದೆ ಕುಕ್ಕರುಗಾಲಲ್ಲಿ ಕೂತು, "ಅಣ್ಣ, ನಮ್ಮಿಂದ ಏನಾಗಬೇಕು ಹೇಳಿ," ಅಂದರು.

"ಏನೂ ಬೇಡ. ಇರಲಿ ಬಿಡಿ," ಅಂದರು ಸ್ಪ್ಯಾನರಣ್ಣ, ಕಣ್ಣೊರೆಸಿಕೊಳ್ಳುತ್ತ.

ಇನ್ಸ್‌ಪೆಕ್ಟರು ಮೇಜಿನ ಮೇಲೆ ಅಂಗೈ ಬಡಿದರು. "ಬೇಕು ಅನ್ರೀ. ಒಂದು ಸಲ ಬೇಕು ಅಂದು ನೋಡಿ. ಅದೊಂದು ಮಾತು ಬಾಯಿಂದ ಬಾರದೆ ಇಲ್ಲಿ ಬಂದು ಕೂತಿದ್ದೀರಿ."

ಸ್ಪ್ಯಾನರಣ್ಣ ಎರಡು ಸಲ ಬಾಯಿ ತೆರೆದು ಮುಚ್ಚಿದರು.

"ಜಾಮೀನು ಬೇಕು," ಅಂದರು ಕೊನೆಗೆ. "ಮತ್ತೆ, ಇದನ್ನ ನನ್ನ ಕಾರಿಗೆ ಯಾರಾದ್ರೂ ಕೂರಿಸಿಕೊಡಬೇಕು. ಮತ್ತೆ..." ಇಲ್ಲಿ ದನಿ ಸಣ್ಣದಾಯಿತು. "ಯಾರಾದ್ರೂ ಓಡಿಸಬೇಕು. ನನಗೆ ಕಾಣಲ್ಲ. ನಾನು ಅವಳ ಪಕ್ಕ ಕೂತ್ಕೋತೀನಿ."

"ನಾನು ಓಡಿಸ್ತೀನಿ," ಅಂದರು ಟೀಚರಮ್ಮ.

ಮಧ್ಯಾಹ್ನ ಎರಡಕ್ಕೆ ಆರೋಪಿಯನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲಾಯಿತು. ಜಾಮೀನಿಗೆ ಇಬ್ಬರು ಬೇಕಿತ್ತು, ಏಳು ಜನ ಬಂದಿದ್ದರು.

ಸಂಜೆ ಏಳ್ನೂರ ಹನ್ನೆರಡು ಕೇಸ್ ಡೈರಿ ಮುಂದಿಟ್ಟುಕೊಂಡು, "ಕೃತ್ಯದ ಕಾರಣ ಏನಂತ ಬರೀಲಿ ಸಾರ್? ದುರಾಸೆ ಅಂತ ಬರೆಯೋದಾ, ಎಲ್ಲರಿಗೂ ಬರೆಯೋ ಹಾಗೆ?" ಅಂದರು.

"ಬೇಡ," ಅಂದರು ಇನ್ಸ್‌ಪೆಕ್ಟರು. ಸ್ವಲ್ಪ ಹೊತ್ತು ಯೋಚಿಸಿ ಹೇಳಿ ಬರೆಸಿದರು: ಆರೋಪಿಯು ಹಲವು ವರ್ಷಗಳಿಂದ ಇತರರಿಗೆ ನೆರವಾಗುತ್ತ ಬಂದಿದ್ದು, ತನಗೆ ನೆರವು ಬೇಕಾದಾಗ ಕೇಳಲು ತಿಳಿಯದೆ ಈ ಕೃತ್ಯ ಎಸಗಿರುತ್ತಾನೆ.

ಆಮೇಲೆ ಫೋನು ತೆಗೆದುಕೊಂಡು ಹಲ್ಲಿನ ಡಾಕ್ಟರ ನಂಬರು ಒತ್ತಿದರು. ಈಗಲೇ ಬರಬಹುದಾ ಎಂದು ಕೇಳಿದರು.