ಮೋಡವಿಲ್ಲದ ನೆರಳು

ಟಿಪ್ಪರ್ ಮತ್ತೆ ಬಂದು ಗುದ್ದಿತು.

ನನ್ನ ಹಳೇ ಕಾರಿನ ಹಿಂದಿನ ಗಾಜು ಪುಡಿಯಾಗಿ ಸೀಟಿನ ಮೇಲೆ ಸುರಿಯಿತು. ಪಕ್ಕದಲ್ಲಿ ಕೌಸ್ತುಭ, ಅವನ ತೊಡೆಯ ಮೇಲೆ ಲ್ಯಾಪ್‌ಟಾಪ್.

"ಮೇಡಂ, ನನ್ನ ಇಲ್ಲೇ ಇಳಿಸಿಬಿಡ್ರಿ. ನಾ ಅವರ ಜೋಡಿ ಮಾತಾಡ್ತೇನಿ."

"ಅವರು ಮಾತಾಡ್ಲಿಕ್ಕೆ ಬಂದಿಲ್ಲ. ಸುಮ್ನ ಕೂಡು."

ಹಾನಗಲ್ಲಿನಿಂದಲೇ ಆ ಟಿಪ್ಪರ್ ಬೆನ್ನಿಗೆ ಬಿದ್ದಿತ್ತು. ನಂಬರ್ ಪ್ಲೇಟಿಗೆ ಕೆಸರು ಬಳಿದಿದ್ದರು. ಎದುರಿಗೆ ಅಕ್ಕಿಆಲೂರು. ಸಂತೆಯ ದಿನ... ರಸ್ತೆ ತುಂಬ ಜನ. ಆ ಡ್ರೈವರ್ ಜನರನ್ನು ನೋಡಿ ಬ್ರೇಕ್ ಹಾಕುತ್ತಾನೆಂಬ ನಂಬಿಕೆ ನನಗಿರಲಿಲ್ಲ.

ಎಡಕ್ಕೆ ರೈಸ್ ಮಿಲ್ಲಿನ ಗೇಟು ತೆರೆದಿತ್ತು. ಸ್ಟೇರಿಂಗ್ ತಿರುಗಿಸಿದೆ. ಒಣಹಾಕಿದ್ದ ಭತ್ತದ ಮೇಲೆ ಕಾರು ಜಾರಿ, ಅರ್ಧ ಸುತ್ತು ತಿರುಗಿ, ಚೀಲಗಳಿಗೆ ತಾಗಿ ನಿಂತಿತು. ಟಿಪ್ಪರ್ ವೇಗ ತಡೆಯಲಾಗದೆ ಮುಂದೆ ಹೋಯಿತು.

ಹಮಾಲರು ಓಡಿ ಬಂದರು. "ಕಣ್ಣ ಕಾಣಸೂದಿಲ್ಲೇನ್ರಿ ಅಕ್ಕಾರ?"

"ತಪ್ಪಾತು ಅಣ್ಣಾರ. ಮೊದಲ ಗೇಟ್ ಹಾಕ್ರಿ. ನಮ್ಮನ್ನ ಕೊಲ್ಲಲಿಕ್ಕೆ ಬರಾಕತ್ತಾರ."

ಒಬ್ಬ ಒಡೆದ ಗಾಜು ನೋಡಿದ. ಮತ್ತೇನೂ ಕೇಳದೆ ಗೇಟು ಹಾಕಿದ.

ನನ್ನ ಹೆಸರು ಪದ್ಮಜಾ. ಹೆಸರಿಟ್ಟ ಅಪ್ಪ ಸಂಸ್ಕೃತ ಪಂಡಿತರು. ನಾನು ಹಾವೇರಿಯಲ್ಲಿ ವಕೀಲರಿಗೆ ಸಾಕ್ಷಿ ಹುಡುಕಿ ಕೊಡುವವಳು. ಹೊಲಸು ನನಗೆ ಹೊಸದಲ್ಲ. ಆದರೆ ಈ ಹೊಲಸಿಗೆ ವಾಸನೆಯೇ ಇರಲಿಲ್ಲ. ಅದು ನೀಲಿಯಾಗಿ, ಚಂದವಾಗಿ ಇತ್ತು. ಕೇಳಿ.

ಆ ವಾರದ ಮೊದಲಿಗೆ ಹಿರೇಕೆರೂರು ಕಡೆಯ ಸಮತಾ ನನ್ನ ಬಳಿ ಬಂದಿದ್ದಳು. ಗಂಡ ಹುಲಗೇಶ ಅಬಲೂರಿನಾಚೆಯ ಕಲ್ಲು ಕ್ವಾರಿಗೆ ಕೆಲಸಕ್ಕೆ ಹೋದವನು ಮರಳಿರಲಿಲ್ಲ.

"ಗೋವಾಕ ಓಡಿ ಹೋಗ್ಯಾನ ಅಂತಾರ್ರಿ. ಓಡಿ ಹೋಗಾಂವ ಹೆಂಡ್ತಿ ಕಡೆ ಬುತ್ತಿ ಕಟ್ಟಿಸ್ಕೋತಾನೇನ್ರಿ?"

ಕ್ವಾರಿಯ ಮಾಲೀಕ ಮೃತ್ಯುಂಜಯ. ಆ ದಿನ ಕ್ವಾರಿಗೆ ರಜೆ, ಬಂಡೆ ಸಿಡಿಸಿಲ್ಲ ಎಂದು ಪೊಲೀಸರಿಗೆ ಹೇಳಿದ್ದ. ಸಾಕ್ಷಿಗೆ ಒಂದು ಪನೋರಮಾ ಫೋಟೋ ಕೊಟ್ಟಿದ್ದ. ವೆಬ್‌ಸೈಟಿಗೆಂದು ಅದೇ ದಿನ ಡ್ರೋನ್ ಹಾರಿಸಿ ತೆಗೆಸಿದ್ದು. ಮೊಬೈಲಿನಲ್ಲಿ ಬೆರಳಿಟ್ಟು ಎಳೆದರೆ ಸುತ್ತಲೂ ತಿರುಗುತ್ತದೆ. ಕೆಳಗೆ ನೆಲ, ಮೇಲೆ ಆಕಾಶ. ಧೂಳಿಲ್ಲ. ಜನರಿಲ್ಲ. ಪೊಲೀಸರು ಅದನ್ನು ನೋಡಿ ಕೈತೊಳೆದುಕೊಂಡಿದ್ದರು.

ನಾನೂ ತಿರುಗಿಸಿ ನೋಡಿದೆ. ಒಂದು ತುಣುಕೂ ಮೋಡವಿಲ್ಲದ ಆಕಾಶ. ಆದರೆ ಪಕ್ಕದ ಗೋವಿನಜೋಳದ ಹೊಲದ ಮೇಲೆ ದೊಡ್ಡದೊಂದು ಕಪ್ಪು ನೆರಳು.

ಯಾವುದರದು?

ಅದನ್ನು ಕೇಳಲೆಂದೇ ಇವತ್ತು ಹಾನಗಲ್ಲಿನ ಸ್ಟುಡಿಯೋಗೆ ಹೋಗಿದ್ದೆ. ಫೋಟೋ ತೆಗೆದವನು ಈ ಕೌಸ್ತುಭ, ಇಂಜಿನಿಯರಿಂಗ್ ಓದಿದವನು. ನೆರಳು ತೋರಿಸಿದ ಕೂಡಲೇ ಬೆವೆತ. ಲ್ಯಾಪ್‌ಟಾಪ್ ಸಮೇತ ಕಾರಿಗೆ ಹತ್ತಿಸಿಕೊಂಡೆ. ಹತ್ತುವ ಮೊದಲು ಅವನು ಕದ್ದು ಮೃತ್ಯುಂಜಯನಿಗೆ ಮೆಸೇಜ್ ಹಾಕಿದ್ದ. ಉತ್ತರವಾಗಿ ಬಂದದ್ದು ಟಿಪ್ಪರ್... ಅವನನ್ನೂ ಸೇರಿಸಿ ಅರೆಯಲು.

ಮಿಲ್ಲಿನ ಆಫೀಸಿನಲ್ಲಿ ಅವನನ್ನು ಕೂರಿಸಿದೆ.

"ಈಗ ಹೇಳು."

"ಡ್ರೋನ್ ಕ್ಯಾಮೆರಾ ಪೂರ್ತಿ ಮ್ಯಾಲೆ ನೋಡೂದಿಲ್ರಿ. ಫೋಟೋ ಎಲ್ಲಾ ಜೋಡಿಸಿದ ಮ್ಯಾಲೆ ನೆತ್ತಿಗೆ ಖಾಲಿ ಜಾಗಾ ಉಳೀತದ, ತೂತು ಬಿದ್ದಂಗ. ಅದನ್ನ ಸಾಫ್ಟ್‌ವೇರ್ ಆಕಾಶ ಹಾಕಿ ತುಂಬತದ. ಎಲ್ಲಾರೂ ಮಾಡ್ತಾರ್ರಿ. ತಪ್ಪೇನಲ್ಲ."

"ನೆತ್ತಿ ತೂತು ಬಿಡು. ಕ್ವಾರಿ ಮ್ಯಾಲೆ ಏನಿತ್ತು? ಅಸಲಿ ಫೋಟೋ ತಗಿ."

ತೆಗೆದ. ಕ್ವಾರಿಯ ಮೂಡಲ ಗುಂಡಿಯಿಂದ ಎದ್ದ ಧೂಳಿನ ಕಂಬ ಆಕಾಶ ಮುಟ್ಟಿತ್ತು. ಹೊಲದ ಮೇಲಿನ ನೆರಳು ಅದರದೇ.

"ಧೂಳು ಛಲೋ ಕಾಣೂದಿಲ್ಲ, ತಗದುಬಿಡು ಅಂದ್ರು. ಆಕಾಶ ತುಂಬೋ ಹೊತ್ನ್ಯಾಗ ಅದನ್ನೂ ತುಂಬಿದೆ."

ದೊಡ್ಡದು ಮಾಡಿ ನೋಡಿದೆ. ಗುಂಡಿಯ ಅಂಚಿನಲ್ಲಿ ಕೆಂಪು ಅಂಗಿಯ ಒಬ್ಬ ಮನುಷ್ಯ. ಕೈ ಮೇಲೆತ್ತಿ ಓಡುತ್ತಿದ್ದಾನೆ. ಮುಂದಿನ ಫೋಟೋದಲ್ಲಿ ಕುಸಿದು ಹೋದ ಆ ಅಂಚೂ ಇಲ್ಲ, ಮನುಷ್ಯನೂ ಇಲ್ಲ.

"ಪನೋರಮಾದಾಗ ಇಂವ ಯಾಕಿಲ್ಲ?"

"ಅದು... ನೆಲಾನೂ ತುಂಬತದರಿ. ಸುತ್ತಲಿನ ಕಲ್ಲು ನೋಡಿ ಅಂಥಾದ್ದ ಕಲ್ಲು ಹಾಕ್ತದ."

"ಸಾಫ್ಟ್‌ವೇರ್ ತಾನ ಹುಡುಕಿ ಅಳಸ್ತದೇನು?"

"ಇಲ್ರಿ. ನಾ ಸುತ್ತ ಗೆರಿ ಹೊಡೀಬೇಕು."

"ಹೊಡದಿ?"

"ಹ್ಞೂಂ ರಿ."

ಜೀವಕ್ಕಾಗಿ ಓಡುತ್ತಿದ್ದವನ ಸುತ್ತ ಇವನು ಆರಾಮಾಗಿ ಕೂತು ಗೆರೆ ಎಳೆದಿದ್ದ. ಬಡಿಯಲು ಕೈ ಎತ್ತಿದೆ. ಮುಟ್ಟಲು ಮನಸ್ಸಾಗಲಿಲ್ಲ.

ಎರಡೂ ಫೋಟೋಗಳನ್ನು ಹಾವೇರಿಯ ಡಿವೈಎಸ್‌ಪಿ ನೀಲಾಂಬಿಕಾ ಅವರಿಗೆ ಕಳಿಸಿದೆ. ನಾನು ನಂಬುವ ಅಧಿಕಾರಿ ಅವರೊಬ್ಬರೇ. ಅಷ್ಟರಲ್ಲಿ ಅಂಗಳದಲ್ಲಿ ಗದ್ದಲವಾಯಿತು. ಟಿಪ್ಪರ್ ಡ್ರೈವರ್ ಸುದ್ದಿ ಮುಟ್ಟಿಸಿರಬೇಕು, ಗೇಟು ತಳ್ಳಿಕೊಂಡು ಮೃತ್ಯುಂಜಯನೇ ಬಂದಿದ್ದ. ಹಿಂದೆ ಒಬ್ಬ ದಾಂಡಿಗ. ಮೃತ್ಯುಂಜಯನ ಬಾಯಲ್ಲಿ ಎಲೆಯಡಿಕೆ.

"ಸವಣೂರ ಎಲಿ. ಹಾಕ್ತೀರೇನ್ರಿ ಮೇಡಂ?"

"ಬ್ಯಾಡ್ರಿ."

"ಒಂದು ಫೋಟೋ ಚಂದ ಮಾಡ್ಸಿದ್ದಕ್ಕ ಇಷ್ಟ್ಯಾಕ ಓಡಾಡ್ತೀರಿ? ಲ್ಯಾಪ್‌ಟಾಪ್ ಕೊಡ್ರಿ. ಈ ರೋಡಿನ್ಯಾಗ ಟಿಪ್ಪರ್ ಭಾಳ."

"ಮೂಡಲ ಗುಂಡಿ ತುಂಬಿಸೀರಂತ ಸಮತಾ ಹೇಳಿದ್ಳು. ಏನ್ ಸುರದೀರಿ?"

"ವೇಸ್ಟ್ ಕಲ್ಲು."

"ಅದರ ಕೆಳಗ?"

ಅಗಿಯುವುದನ್ನು ನಿಲ್ಲಿಸಿದ. "ಹೋಗಾಂವ ಹೋದ. ಒಬ್ಬಾಂವನ ಸಲುವಾಗಿ ಕ್ವಾರಿ ಬಂದ್ ಮಾಡಿದ್ರ ಉಳಿದ ಮಂದಿ ಹೊಟ್ಟಿಗೆ ಏನ್ ತಿನ್ನಬೇಕು? ನೀವ ಹೇಳ್ರಿ."

ಬಾಗಿಲಲ್ಲಿ ಹಮಾಲರು ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. ಅವರನ್ನು ಅವನು ಮನುಷ್ಯರೆಂದೇ ಲೆಕ್ಕಕ್ಕೆ ಹಿಡಿದಿರಲಿಲ್ಲ.

"ಲ್ಯಾಪ್‌ಟಾಪ್ ಒಯ್ರಿ," ಎಂದೆ. "ಫೋಟೋ ಆಗಲೇ ಹಾವೇರಿ ಮುಟ್ಯಾವ."

ದಾಂಡಿಗ ನನ್ನ ಕುತ್ತಿಗೆ ಹಿಡಿದು ಗೋಡೆಗೆ ಒತ್ತಿದ. ಕಣ್ಣು ಕತ್ತಲಿಟ್ಟಿತು. ಆಗ ಗೇಟು ಹಾಕಿದ್ದ ಹಮಾಲ, ಹೆಸರು ಉಳಿವೆಪ್ಪ ಎಂದು ಆಮೇಲೆ ತಿಳಿಯಿತು, ಚೀಲ ಎತ್ತುವ ಕಬ್ಬಿಣದ ಕೊಕ್ಕೆಯನ್ನು ದಾಂಡಿಗನ ಕಿವಿಯ ಕೆಳಗೆ ಇಟ್ಟ.

"ಕೈ ತಗಿ ತಮ್ಮಾ."

ತೆಗೆದ. ಪೊಲೀಸರು ಬರುವವರೆಗೆ ಯಾರನ್ನೂ ಅಲುಗಾಡಲು ಹಮಾಲರು ಬಿಡಲಿಲ್ಲ.

ನೀಲಾಂಬಿಕಾ ಅವತ್ತೇ ಕ್ವಾರಿಗೆ ಜೆಸಿಬಿ ಇಳಿಸಿದರು. ಫೋಟೋದಲ್ಲಿ ಕಂಡ ಜಾಗದಲ್ಲೇ ಅಗೆದರು. ಹೊತ್ತು ಇಳಿಯುವಾಗ ಕೆಂಪು ಬಟ್ಟೆ ಕಾಣಿಸಿತು. ಹೆಣ ಮೇಲೆ ತಂದಾಗ ಸಮತಾ ಗುಂಡಿಯ ಅಂಚಿಗೆ ಬಂದಳು.

"ಮುಖಾ ತೋರಸಬ್ಯಾಡ್ರಿ. ಕೈ ತೋರಿಸ್ರಿ."

ಮುಂಗೈ ಮೇಲೆ ಅವಳ ಹೆಸರಿನ ಹಚ್ಚೆ ಇತ್ತು. ಸೆರಗಿನಿಂದ ಕಲ್ಲಿನ ಪುಡಿ ಒರೆಸಿದಳು. ಬೆರಳುಗಳ ಸಂದಿಯನ್ನೂ ಬಿಡಲಿಲ್ಲ.

"ಗೋವಾಕ ಓಡಿ ಹೋಗಿದ್ರ ಛಲೋ ಇತ್ರಿ," ಎಂದಳು.

ಅವಳ ಪಕ್ಕ ಕೂತೆ.

ಮೃತ್ಯುಂಜಯ ಜೈಲಿಗೆ ಹೋದ. ಕೌಸ್ತುಭ ಸಾಕ್ಷಿಯಾದ. ಹೇಳಿಕೆ ಕೊಟ್ಟ ದಿನ ಠಾಣೆಯ ಹೊರಗೆ ಸಪ್ಪೆ ಮುಖ ಹಾಕಿಕೊಂಡು ಕೂತಿದ್ದ. ಪಶ್ಚಾತ್ತಾಪ ಎಂದುಕೊಂಡೆ. ನನ್ನ ಕೈಯಾರೆ ಅವನಿಗೊಂದು ಚಹಾ ತಂದುಕೊಟ್ಟೆ.

ಒಂದು ಗುಟುಕು ಕುಡಿದು ತಲೆ ಎತ್ತಿದ.

"ಮೇಡಂ, ಜಪ್ತಿ ಮಾಡಿದ ನನ್ನ ಡ್ರೋನ್ ಯಾವಾಗ ಬಿಡ್ತಾರ್ರಿ? ಶಿಗ್ಗಾಂವದಾಗ ಒಂದು ಮದುವಿ ಆರ್ಡರ್ ಅದ."

ಕಪ್ಪು ಕಿತ್ತುಕೊಂಡು ಚಹಾ ಮೋರಿಗೆ ಚೆಲ್ಲಿದೆ. ಚಹಾ ಚೆನ್ನಾಗಿತ್ತು... ಮೋರಿಗಾದರೂ ಅದನ್ನು ಕುಡಿಯುವ ಯೋಗ್ಯತೆ ಇತ್ತು.